ಕೆಂಪು ಗುಂಡಿಯೊಳಗೆ ಬೇರೊಬ್ಬರ ಗುರುತು: ಒಂದು ಪ್ರಕರಣ ಅಧ್ಯಯನ

ಕಳೆದ ಮೇ ತಿಂಗಳ ಒಂದು ಶನಿವಾರ ರಾತ್ರಿ ಒಂಬತ್ತೂವರೆಗೆ ಮಂಗಳೂರಿನಿಂದ ಬಾವನ ಫೋನ್ ಬಂತು. ಗಂಟಲು ಒಣಗಿದ ದನಿ. ‘ಬಾವ, ನಾವು ಮೂವರೂ ದಡ ಸೇರಿದ್ದೇವೆ. ನಿಮ್ಮ ಅಕ್ಕನಿಗೆ ಈಗಲೇ ಏನೂ ಹೇಳಬೇಡಿ’ ಎಂದರು. ಏನಾಯಿತೆಂದು ಅವರು ಹೇಳಿ ಮುಗಿಸುವ ಮೊದಲೇ ನಾನು ಕೇಳಿದ ಪ್ರಶ್ನೆ ಒಂದೇ: ‘ರೇಡಿಯೊದ ಕೆಂಪು ಗುಂಡಿ ಒತ್ತಿದ್ದಿರಾ?’ ಒತ್ತಿದ್ದರು. ‘ಹಾಗಾದರೆ ಕ್ಷೇಮವಾಗಿ ಬಂದೆವು ಎಂದು ಯಾರಿಗಾದರೂ ತಿಳಿಸಿದಿರಾ?’ ತಿಳಿಸಿರಲಿಲ್ಲ. ಫೋನ್ ಇಟ್ಟು ಮೊದಲು ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಮಾಡಿ ಎಂದೆ. ಅಲ್ಲಿಯವರು ವಿವರ ಬರೆದುಕೊಂಡು ‘ನಿಮ್ಮ ಎಂಎಂಎಸ್‌ಐ ಸಂಖ್ಯೆ ಎಷ್ಟು?’ ಎಂದು ಕೇಳಿದರಂತೆ. ರೇಡಿಯೊ ಕರೆಯಲ್ಲಿ ದೋಣಿಯನ್ನು ಗುರುತಿಸುವ ಸಂಖ್ಯೆ ಅದು. ಬಾವನಿಗೆ ಉತ್ತರ ಗೊತ್ತಿರಲಿಲ್ಲ. ಇಡೀ ಪ್ರಕರಣದ ಗಂಟು ಆ ಪ್ರಶ್ನೆಯಲ್ಲೇ ಇದೆ.

ನಾನು ಹದಿನೈದು ವರ್ಷ ನೌಕಾಪಡೆಯಲ್ಲಿ ಸಂದೇಶ ವಿಭಾಗದಲ್ಲಿದ್ದವನು, ಈಗ ಮಡಿಕೇರಿಯಲ್ಲಿದ್ದೇನೆ. ಕೊಡಗಿನಲ್ಲಿ ಕೂತು ಸಮುದ್ರದ ರೇಡಿಯೊ ಬಗ್ಗೆ ಬರೆಯುವುದೇಕೆ ಎಂದು ಕೇಳುವವರಿದ್ದಾರೆ. ನಮಗೆ ಕಡಲಿಲ್ಲ ನಿಜ. ಆದರೆ ಮಡಿಕೇರಿಯಿಂದ ಮಂಗಳೂರಿಗೆ ಸುಮಾರು 140 ಕಿಲೋಮೀಟರ್ ಅಷ್ಟೇ. ಸಂಪಾಜೆ ಘಾಟಿ ಇಳಿದವರಿಗೆ ಕಡಲು ನೆರೆಮನೆಯಿದ್ದ ಹಾಗೆ. ಗಾಳ ಹಾಕುವ ಹುಚ್ಚಿರುವ ತೋಟದವರು ಸ್ನೇಹಿತರ ಜೊತೆ ಪಾಲು ಸೇರಿ ಸಣ್ಣ ಫೈಬರ್ ದೋಣಿ ಇಟ್ಟುಕೊಳ್ಳುವುದೂ ಇದೆ, ಬಾವ ಅಂಥವರಲ್ಲಿ ಒಬ್ಬರು. ಹೊಳೆಯಲ್ಲಿ ಈಜು ಕಲಿತ ನಮ್ಮವರಿಗೆ ನೀರಿನ ಹೆದರಿಕೆ ಕಡಿಮೆ. ಆ ಧೈರ್ಯವನ್ನೇ ನಾನು ಹೆಚ್ಚು ಹೆದರಿಕೆಯಿಂದ ನೋಡುತ್ತೇನೆ. ಬಾವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಆ ದಿನ

ಬಾವ, ಅವರ ಮಗ ಅಂದರೆ ನನ್ನ ಸೋದರಳಿಯ, ಪಕ್ಕದ ತೋಟದ ಸ್ನೇಹಿತರೊಬ್ಬರು ಬೆಳಗ್ಗೆ ಆರಕ್ಕೆ ಅಳಿವೆ ದಾಟಿ ಹೊರಟಿದ್ದರು. ದಡದಿಂದ ಏಳು ನಾಟಿಕಲ್ ಮೈಲಿ, ಎಂದರೆ ಸುಮಾರು 13 ಕಿಲೋಮೀಟರ್ ದೂರದಲ್ಲಿ ಗಾಳ ಹಾಕಿದ್ದಾರೆ. ಮಧ್ಯಾಹ್ನ ಎರಡರ ಹೊತ್ತಿಗೆ ಹೊರಡಲೆಂದು ಎಂಜಿನ್ ಚಾಲೂ ಮಾಡಿದರೆ ಅದು ಎರಡು ಸಲ ಕೆಮ್ಮಿ ನಿಂತಿತು. ಪೆಟ್ರೋಲ್‌ನಲ್ಲಿ ನೀರು ಸೇರಿತ್ತು. ಲಂಗರು ಹಾಕೋಣವೆಂದರೆ ಹಗ್ಗ ತಳ ಮುಟ್ಟಲಿಲ್ಲ. ಗಾಳಿ ದೋಣಿಯನ್ನು ತೆಂಕು ದಿಕ್ಕಿಗೆ ತಳ್ಳತೊಡಗಿತು. ಮೊಬೈಲ್‌ನಲ್ಲಿ ಸಿಗ್ನಲ್ ಒಂದು ಕಡ್ಡಿ ಮೂಡುವುದು, ಮಾಯವಾಗುವುದು.

ದೋಣಿಯಲ್ಲಿ ವಿಎಚ್‌ಎಫ್ ರೇಡಿಯೊ, ಅಂದರೆ ಹಡಗು ದೋಣಿಗಳು ಪರಸ್ಪರ ಮಾತನಾಡಲು ಬಳಸುವ ರೇಡಿಯೊ ಇತ್ತು. ಪಾಲುದಾರರ ಪರಿಚಯದವರು ದುಬೈಯಿಂದ ತಂದಿದ್ದ, ಬಳಸಿ ಬಿಟ್ಟಿದ್ದ ಸೆಟ್. ಬಲಬದಿಯಲ್ಲಿ ಪುಟ್ಟ ಕೆಂಪು ಮುಚ್ಚಳ, ಅದರಡಿ ಗುಂಡಿ. ಅಪಾಯ ಬಂದರೆ ಇದನ್ನು ಒತ್ತಿದರೆ ಸಾಕು ಎಂದು ಯಾರೋ ಹೇಳಿದ್ದರಂತೆ. ಬಾವ ಮುಚ್ಚಳ ಎತ್ತಿ ಒತ್ತಿದರು. ಮನೆಯ ಕರೆಗಂಟೆ ಒತ್ತುವ ಹಾಗೆ ಒಂದು ಸಲ ಒತ್ತಿ ಬೆರಳು ತೆಗೆದರು. ಏನೂ ಆಗಲಿಲ್ಲ. ಕೈ ತಗುಲಿ ಸುಳ್ಳು ಕರೆ ಹೋಗದಿರಲೆಂದು ಆ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದೇ ಇರಬೇಕು ಎಂಬ ನಿಯಮವಿದೆ. ಪರದೆಯ ಮೇಲೆ ಮೂರು, ಎರಡು, ಒಂದು ಎಂದು ಎಣಿಕೆ ಇಳಿದ ಮೇಲೆ ಕರೆ ಹೋಗುತ್ತದೆ. ಅಳಿಯ ಗಮನಿಸಿ ಗಟ್ಟಿಯಾಗಿ ಹಿಡಿದ. ರೇಡಿಯೊ ಕಿರುಚಿಕೊಂಡಿತು, ಪರದೆ ಬೆಳಗಿತು. ‘ಹೋಯಿತು’ ಎಂದುಕೊಂಡು ಮೂವರೂ ಕಾದು ಕೂತರು.

ಮುಂದೆ ಆದದ್ದನ್ನು ಬಾವ ಹೇಳಿದಾಗ ನನಗೆ ಹೊಟ್ಟೆಯೊಳಗೆ ಕಲ್ಲು ಹಾಕಿದ ಹಾಗಾಯಿತು. ಎರಡು ನಿಮಿಷದೊಳಗೆ ರೇಡಿಯೊದಲ್ಲಿ ಸ್ಪಷ್ಟವಾದ ದನಿ ಕೇಳಿತಂತೆ. ಬಂದರಿನ ಹೊರಗೆ ಲಂಗರು ಹಾಕಿ ನಿಂತ ಯಾವುದೋ ಸರಕು ಹಡಗಿನದು. ಇಂಗ್ಲಿಷಿನಲ್ಲಿ ನಿಧಾನವಾಗಿ ಒಂದೊಂದೇ ಅಂಕಿ ಓದುತ್ತಿದ್ದರು: ನಾಲ್ಕು, ಏಳು, ಸೊನ್ನೆ... ಒಟ್ಟು ಒಂಬತ್ತು ಅಂಕಿ. ‘ನೀವು ಅಪಾಯದಲ್ಲಿದ್ದೀರಾ, ಎಲ್ಲಿದ್ದೀರಿ ಹೇಳಿ’ ಎಂದು ಕೇಳುತ್ತಿದ್ದರು. ಒಂದು ಸಲ ಅಲ್ಲ, ನಾಲ್ಕೈದು ಸಲ.

‘ಮತ್ತೆ ನೀವು ಉತ್ತರ ಕೊಡಲಿಲ್ಲವೇ?’

‘ನಮ್ಮನ್ನೇ ಕರೆಯುತ್ತಿದ್ದಾರೆಂದು ಹೇಗೆ ಗೊತ್ತಾಗಬೇಕು ಬಾವ? ದೋಣಿಯ ಹೆಸರು ಹೇಳಲಿಲ್ಲ, ಮಂಗಳೂರು ಎನ್ನಲಿಲ್ಲ. ಇನ್ಯಾರೋ ನಮಗಿಂತ ಕಷ್ಟದಲ್ಲಿದ್ದಾರೆ ಅಂದುಕೊಂಡೆ. ನಡುವೆ ಮಾತನಾಡಿದರೆ ಅವರಿಗೆ ತೊಂದರೆಯಾದೀತು ಎಂದು ಸುಮ್ಮನಿದ್ದೆ.’

ಸಂಜೆ ಆರೂಕಾಲಿಗೆ, ಬೆಳಕು ಆರುವ ಮೊದಲು, ಬಲೆ ಎಳೆದು ವಾಪಸಾಗುತ್ತಿದ್ದ ನಾಡದೋಣಿಯೊಂದರ ಕಣ್ಣಿಗೆ ಅಳಿಯ ಬೀಸುತ್ತಿದ್ದ ಕಿತ್ತಳೆ ಬಣ್ಣದ ಮಳೆ ಅಂಗಿ ಬಿತ್ತು. ಆ ನಾಲ್ವರು ತಮ್ಮ ಡೀಸೆಲ್ ಸುಟ್ಟು ಇವರನ್ನು ಎಳೆದು ತಂದರು, ಹಣ ಮುಟ್ಟಲಿಲ್ಲ. ಮೂವರೂ ಬದುಕಿ ಬಂದದ್ದು ಅಂಗಿಯ ಬಣ್ಣದಿಂದ, ಆ ಮೀನುಗಾರರ ಒಳ್ಳೆಯತನದಿಂದ. ರೇಡಿಯೊದಿಂದ ಅಲ್ಲ.

ಮೇಜಿನ ಮೇಲೆ ಬಿಚ್ಚಿಟ್ಟಾಗ

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬಾವ ರೇಡಿಯೊವನ್ನು ಅಕ್ಕಿ ಚೀಲದಲ್ಲಿ ಸುತ್ತಿ ಸಂಪಾಜೆಗೆ ತಂದರು. ಅಲ್ಲಿನ ಜಗಲಿಯ ಮೇಲೆ, ಹಂಚಿನ ಮೇಲೆ ಮಳೆ ಹೊಡೆಯುತ್ತಿರುವಾಗ, ಜೀಪಿನ ಬ್ಯಾಟರಿಯಿಂದ 12 ವೋಲ್ಟ್ ಕೊಟ್ಟು ಚಾಲೂ ಮಾಡಿದೆವು. ಆಂಟೆನಾ ಜೋಡಿಸಲಿಲ್ಲ, ಪ್ರಸಾರದ ಗುಂಡಿಯನ್ನು ಮುಟ್ಟಲೂ ಇಲ್ಲ. ಪರವಾನಗಿ ಇಲ್ಲದೆ ಪ್ರಸಾರ ಮಾಡುವುದು ಕಾನೂನಿಗೆ ವಿರುದ್ಧ, ಆಂಟೆನಾ ಇಲ್ಲದೆ ಮಾಡಿದರೆ ಸೆಟ್ ಸುಟ್ಟೂ ಹೋಗಬಹುದು. ಮೆನುವನ್ನು ಮಾತ್ರ ಓದಿದೆವು.

ಮೊದಲು ಸಿಕ್ಕಿದ್ದು ಗುರುತಿನ ಸಂಖ್ಯೆ. ಎಂಎಂಎಸ್‌ಐ ಎಂದರೆ ಹಡಗಿಗೂ ದೋಣಿಗೂ ಕೊಡುವ ಒಂಬತ್ತು ಅಂಕಿಯ ಸಂಖ್ಯೆ, ವಾಹನದ ನೋಂದಣಿ ಸಂಖ್ಯೆಯಿದ್ದ ಹಾಗೆ. ಅದರ ಮೊದಲ ಮೂರಂಕಿ ದೇಶವನ್ನು ಹೇಳುತ್ತದೆ. ಭಾರತಕ್ಕೆ 419. ಬಾವನ ಸೆಟ್ಟಿನಲ್ಲಿ ಇದ್ದದ್ದು 470ರಿಂದ ಆರಂಭವಾಗುವ ಸಂಖ್ಯೆ. ಅದು ಸಂಯುಕ್ತ ಅರಬ್ ಸಂಸ್ಥಾನದ್ದು. ಹಳೆಯ ಮಾಲೀಕರ ದೋಣಿಯ ಗುರುತು ಅಳಿಸದೆ ಹಾಗೆಯೇ ಉಳಿದಿತ್ತು. ಅಪಾಯದ ಕರೆ ಬಂದಾಗ ರಕ್ಷಣಾ ಕೇಂದ್ರದವರು ಆ ಸಂಖ್ಯೆ ಯಾರದೆಂದು ದಾಖಲೆಯಲ್ಲಿ ಹುಡುಕುತ್ತಾರೆ, ಅಲ್ಲಿರುವ ಫೋನಿಗೆ ಕರೆ ಮಾಡುತ್ತಾರೆ. ನಮ್ಮ ಮೂವರು ಮಂಗಳೂರಿನ ಮುಂದೆ ತೇಲುತ್ತಿರುವಾಗ ದುಬೈಯಲ್ಲಿ ಯಾರದೋ ಮನೆಯ ಫೋನ್ ಬಾರಿಸುವುದು! ‘ನನ್ನ ದೋಣಿ ಇಲ್ಲೇ ಕಟ್ಟಿದೆ, ನಾನು ಕ್ಷೇಮ’ ಎಂದು ಅವರು ಹೇಳಿದರೆ ಹುಡುಕಾಟ ಶುರುವಾಗುವ ಮೊದಲೇ ನಿಲ್ಲಬಹುದು.

ಬಾವ ಆ ಅಂಕಿಗಳನ್ನು ಪರದೆಯ ಮೇಲೆ ನೋಡಿದರು, ತುಟಿಯಲ್ಲೇ ಓದಿಕೊಂಡರು. ‘ಇದೇ. ಅವತ್ತು ಕೇಳಿದ್ದು ಇದೇ’ ಎಂದರು. ನಂತರ ಬಹಳ ಹೊತ್ತು ಮಾತನಾಡಲಿಲ್ಲ.

ಎರಡನೆಯದು ಇನ್ನೂ ಸಣ್ಣ ಸಂಗತಿ, ಕೈಗೆ ಸಿಕ್ಕುವಂಥದ್ದು. ಸೆಟ್ಟಿನ ಹಿಂಬದಿಯಿಂದ ಬಂದ ವಯರುಗಳಲ್ಲಿ ಎರಡು ತೆಳುವಾದವು ಎಲ್ಲಿಗೂ ಸೇರಿರಲಿಲ್ಲ. ತುದಿಗೆ ಕಪ್ಪು ಟೇಪ್ ಸುತ್ತಿ ಒಳಗೆ ಮಡಚಿಟ್ಟಿದ್ದರು. ಟೇಪ್ ಬಿಚ್ಚಿದರೆ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು. ಜಿಪಿಎಸ್‌ನಿಂದ ಸ್ಥಾನದ ಮಾಹಿತಿ ಬರಬೇಕಾದ ವಯರುಗಳು ಅವೇ. ದೋಣಿಯಲ್ಲಿ ಜಿಪಿಎಸ್ ಇರಲಿಲ್ಲವೇ? ಇತ್ತು. ಮೀನು ಪತ್ತೆ ಮಾಡುವ ಯಂತ್ರದೊಳಗೆ ಇತ್ತು, ರೇಡಿಯೊದಿಂದ ಒಂದು ಮೊಳ ದೂರದಲ್ಲಿ. ದೋಣಿ ಎಲ್ಲಿದೆ ಎಂದು ಆ ಯಂತ್ರಕ್ಕೆ ಕ್ಷಣಕ್ಷಣಕ್ಕೂ ಗೊತ್ತಿತ್ತು. ಅದು ಗೊತ್ತಿರಲೇಬೇಕಾಗಿದ್ದ ರೇಡಿಯೊಗೆ ಮಾತ್ರ ಗೊತ್ತಿರಲಿಲ್ಲ. ಸ್ಥಾನ ತಿಳಿಯದ ಸೆಟ್ ಅಕ್ಷಾಂಶ ರೇಖಾಂಶಗಳ ಜಾಗದಲ್ಲಿ ಬರೀ ಒಂಬತ್ತುಗಳನ್ನು ಕಳಿಸುತ್ತದೆ, ಸಮಯದ ಜಾಗದಲ್ಲಿ ಎಂಟುಗಳನ್ನು. ಆ ಸರಕು ಹಡಗಿನ ಪರದೆಯ ಮೇಲೆ ಕಂಡದ್ದು ಬೇರೊಬ್ಬರ ಗುರುತು, ಸ್ಥಾನವಿಲ್ಲ. ಆದರೂ ಆ ಅಧಿಕಾರಿ ಬಿಡದೆ ನಾಲ್ಕೈದು ಸಲ ಕರೆದರಲ್ಲ, ಅವರ ಕರ್ತವ್ಯಕ್ಕೆ ನಾನು ಇಲ್ಲಿಂದಲೇ ಕೈಮುಗಿಯುತ್ತೇನೆ.

ಗುಂಡಿ ಒತ್ತಿದಾಗ ಏನಾಗುತ್ತದೆ

ಬಾವನಿಗೆ ವಿವರಿಸಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಈ ವ್ಯವಸ್ಥೆಗೆ ಡಿಜಿಟಲ್ ಸೆಲೆಕ್ಟಿವ್ ಕಾಲಿಂಗ್ ಎಂದು ಹೆಸರು, ಬಳಕೆಯಲ್ಲಿ ಡಿಎಸ್‌ಸಿ. ಹಳೆಯ ಕಾಲದಲ್ಲಿ ಹಡಗಿನ ರೇಡಿಯೊ ಕೋಣೆಯಲ್ಲಿ ಮನುಷ್ಯ ಕಿವಿಗೆ ಹೆಡ್‌ಫೋನ್ ಹಾಕಿ ಕೂರಬೇಕಿತ್ತು. 1912ರಲ್ಲಿ ಟೈಟಾನಿಕ್ ಮುಳುಗುವಾಗ ಹತ್ತಿರದಲ್ಲೇ ಇದ್ದ ಕ್ಯಾಲಿಫೋರ್ನಿಯನ್ ಎಂಬ ಹಡಗಿನ ಏಕೈಕ ರೇಡಿಯೊ ಆಪರೇಟರ್ ಮಲಗಿದ್ದ. ಆ ದುರಂತದ ನಂತರ 1914ರಲ್ಲಿ ಸಾಗರದಲ್ಲಿ ಜೀವರಕ್ಷಣೆಯ ಮೊದಲ ಅಂತಾರಾಷ್ಟ್ರೀಯ ಒಪ್ಪಂದ ಬಂತು. ಮನುಷ್ಯನ ಕಿವಿ ದಣಿಯುತ್ತದೆ, ಯಂತ್ರದ ಕಿವಿ ದಣಿಯುವುದಿಲ್ಲ ಎಂಬ ತಿಳಿವಳಿಕೆಯಿಂದ ಬೆಳೆದ ಹೊಸ ವ್ಯವಸ್ಥೆ 1999ರ ಫೆಬ್ರುವರಿ 1ರಿಂದ ಪೂರ್ತಿಯಾಗಿ ಜಾರಿಗೆ ಬಂತು. ಡಿಎಸ್‌ಸಿ ಅದರದೇ ಭಾಗ.

ವಿಎಚ್‌ಎಫ್‌ನಲ್ಲಿ ಇದಕ್ಕೆಂದೇ ಚಾನೆಲ್ 70 ಮೀಸಲು, 156.525 ಮೆಗಾಹರ್ಟ್ಸ್. ಅಲ್ಲಿ ಮಾತಿಗೆ ಅವಕಾಶವಿಲ್ಲ. ಗುಂಡಿ ಒತ್ತಿ ಹಿಡಿದಾಗ ಸುಮಾರು ಅರ್ಧ ಸೆಕೆಂಡಿನಲ್ಲಿ ಒಂದು ಪುಟ್ಟ ಸಂದೇಶ ಹೋಗುತ್ತದೆ: ಯಾರು, ಎಲ್ಲಿ, ಎಷ್ಟು ಹೊತ್ತಿಗೆ, ಏನು ಆಪತ್ತು. ಬೆಂಕಿಯೋ, ನೀರು ನುಗ್ಗಿದ್ದೋ, ಮುಳುಗುತ್ತಿರುವುದೋ, ಎಂಜಿನ್ ಕೆಟ್ಟು ತೇಲುತ್ತಿರುವುದೋ, ಯಾರಾದರೂ ನೀರಿಗೆ ಬಿದ್ದದ್ದೋ ಎಂದು ಮೆನುವಿನಲ್ಲಿ ಆರಿಸಬಹುದು. ಪುರುಸೊತ್ತಿಲ್ಲದಿದ್ದರೆ ಆರಿಸದೆಯೇ ಒತ್ತಬಹುದು. ವ್ಯಾಪ್ತಿಯೊಳಗಿನ ಎಲ್ಲ ಡಿಎಸ್‌ಸಿ ರೇಡಿಯೊಗಳೂ, ಅವು ಯಾವ ಚಾನೆಲ್‌ನಲ್ಲಿದ್ದರೂ, ಒಟ್ಟಿಗೆ ಜೋರಾಗಿ ಕೂಗಿಕೊಳ್ಳುತ್ತವೆ. ಉತ್ತರ ಬರುವವರೆಗೆ ನಿಮ್ಮ ಸೆಟ್ ಸುಮಾರು ನಾಲ್ಕು ನಿಮಿಷಕ್ಕೊಮ್ಮೆ ತಾನಾಗಿ ಮತ್ತೆ ಮತ್ತೆ ಕರೆಯುತ್ತದೆ.

ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಬಾವ ಮಾಡಿದ ಮೂರನೆಯ ತಪ್ಪು ಇದು, ತಪ್ಪು ಎನ್ನುವುದಕ್ಕಿಂತ ಯಾರೂ ಅವರಿಗೆ ಹೇಳದಿದ್ದ ಮಾತು. ಡಿಎಸ್‌ಸಿ ಬಾಗಿಲು ತಟ್ಟುತ್ತದೆ ಅಷ್ಟೇ. ಬಾಗಿಲು ತೆರೆದವರ ಮುಂದೆ ನಾವು ಬಾಯಿ ಬಿಡಬೇಕು. ಕರೆ ಹೋಗಿ ಹದಿನೈದು ಸೆಕೆಂಡು ಕಾದು, ಉತ್ತರ ಬರಲಿ ಬಾರದಿರಲಿ, ಅಪಾಯದ ಮಾತಿಗೆ ಎಲ್ಲರೂ ಕಿವಿಗೊಡುವ ಚಾನೆಲ್ 16ರಲ್ಲಿ ಗರಿಷ್ಠ ಶಕ್ತಿಯಲ್ಲಿ ಮಾತನಾಡಬೇಕು. ‘ಮೇಡೇ’ ಎಂದು ಮೂರು ಸಲ, ದೋಣಿಯ ಹೆಸರು ಮೂರು ಸಲ, ಒಂಬತ್ತು ಅಂಕಿಯ ಸಂಖ್ಯೆ, ಎಲ್ಲಿದ್ದೇವೆ, ಏನಾಗಿದೆ, ಎಷ್ಟು ಜನ. ಇಂಗ್ಲಿಷ್ ಸರಾಗವಾಗಿ ಬಾರದು ಎಂಬ ಸಂಕೋಚದಿಂದ ಮೈಕ್ ಕೈಗೆತ್ತಿಕೊಳ್ಳದವರನ್ನು ನಾನು ಕಂಡಿದ್ದೇನೆ. ವ್ಯಾಕರಣ ಯಾರಿಗೂ ಬೇಡ. ಮೇಡೇ ಎಂಬ ಒಂದು ಪದ ಯಾವ ದೇಶದ ಹಡಗಿಗೂ ಅರ್ಥವಾಗುತ್ತದೆ, ಅಂಕಿಗಳು ಎಲ್ಲರಿಗೂ ಬರುತ್ತವೆ.

ಇನ್ನೊಬ್ಬರ ಅಪಾಯದ ಕರೆ ನಮ್ಮ ಸೆಟ್ಟಿಗೆ ಬಂದರೆ? ಡಿಎಸ್‌ಸಿಯಲ್ಲಿ ಮರುತ್ತರ ಕೊಡುವುದು ದಡದ ಕೇಂದ್ರದ ಕೆಲಸ. ಯಾಕೆಂದರೆ ಮರುತ್ತರ ಸಿಕ್ಕೊಡನೆ ಆ ಸೆಟ್ ಕರೆಯುವುದನ್ನು ನಿಲ್ಲಿಸಿಬಿಡುತ್ತದೆ. ಸಣ್ಣ ದೋಣಿಯವರು 16ರಲ್ಲಿ ಕಿವಿಗೊಟ್ಟು, ಮಾತಿನಲ್ಲಿ ಉತ್ತರಿಸಬೇಕು, ದಡಕ್ಕೆ ತಲುಪಿಸಬೇಕು. ತಪ್ಪಿ ಗುಂಡಿ ಒತ್ತಿಹೋದರೆ ಸೆಟ್ ಆರಿಸಿ ಸುಮ್ಮನಾಗುವುದು ಸರಿಯಲ್ಲ, 16ರಲ್ಲಿ ರದ್ದು ಎಂದು ಹೇಳಬೇಕು. ಅಪಾಯ ಕಳೆದ ಮೇಲೂ ಹಾಗೆಯೇ. ಆ ರಾತ್ರಿ ನಾನು ಮೊದಲು ಅದನ್ನೇ ಕೇಳಿದ್ದು ಅದಕ್ಕೇ. ನಮ್ಮನ್ನು ಹುಡುಕಲು ಹೊರಟವರೂ ಯಾರದೋ ಮನೆಯ ಮಕ್ಕಳು.

ಕರೆ ಎಷ್ಟು ದೂರ ಹೋಗುತ್ತದೆ ಎಂದು ಅಳಿಯ ಕೇಳಿದ. ಕೊಡಗಿನವರಿಗೆ ಇದನ್ನು ಹೇಳಿಕೊಡುವುದು ಸುಲಭ. ಮೊಬೈಲ್ ಸಿಗ್ನಲ್ ಬೇಕೆಂದರೆ ನಾವು ಗದ್ದೆಯಲ್ಲಿ ನಿಂತು ಕೂಗುವುದಿಲ್ಲ, ಕುಂದು, ಅಂದರೆ ಗುಡ್ಡ ಹತ್ತುತ್ತೇವೆ. ವಿಎಚ್‌ಎಫ್ ಅಲೆಯೂ ಬಹುಮಟ್ಟಿಗೆ ನೇರ ನೋಟದಲ್ಲೇ ಸಾಗುತ್ತದೆ. 25 ವ್ಯಾಟ್ ಶಕ್ತಿಗಿಂತ ಆಂಟೆನಾದ ಎತ್ತರ ಮುಖ್ಯ. ಸಣ್ಣ ದೋಣಿಯಲ್ಲಿ ನೀರಿನಿಂದ 2 ಮೀಟರ್ ಎತ್ತರದ ಆಂಟೆನಾ, ಆಚೆ ಹಡಗಿನಲ್ಲಿ 30 ಮೀಟರ್ ಎತ್ತರದ್ದು ಇದ್ದರೆ ಲೆಕ್ಕಕ್ಕೆ ಸುಮಾರು 28 ಕಿಲೋಮೀಟರ್ ಸಿಗುತ್ತದೆ. ಎರಡೂ ಸಣ್ಣ ದೋಣಿಗಳಾದರೆ 11-12 ಕಿಲೋಮೀಟರ್. ದಡದ ಗೋಪುರ 100 ಮೀಟರ್ ಎತ್ತರವಿದ್ದರೆ 45 ದಾಟುತ್ತದೆ. ಬಾವನ ದೋಣಿ ಇದ್ದ ಜಾಗ ವ್ಯಾಪ್ತಿಯೊಳಗೇ ಇತ್ತು. ಕೇಳಿಸಿತ್ತು ಕೂಡ. ಕೇಳಿದವರಿಗೆ ಯಾರು, ಎಲ್ಲಿ ಎಂಬುದು ತಿಳಿಯಲಿಲ್ಲ.

ಇದಕ್ಕಿಂತ ಆಚೆಗೆ, ಆಳ ಸಮುದ್ರಕ್ಕೆ ಹೋಗುವ ಮೀನುಗಾರರಿಗೆ ವಿಎಚ್‌ಎಫ್ ಸಾಲದು. 2017ರ ಓಖಿ ಚಂಡಮಾರುತ ಅದನ್ನು ಕ್ರೂರವಾಗಿ ತೋರಿಸಿಕೊಟ್ಟಿತು. ಅಂಥವರಿಗಾಗಿ ಇಸ್ರೋ ರೂಪಿಸಿದ, ಉಪಗ್ರಹದ ಮೂಲಕ ಕರೆ ಕಳಿಸುವ ಸಾಧನದ ಎರಡನೆಯ ತಲೆಮಾರು 2024ರಲ್ಲಿ ಬಂದಿದೆ. ನಿಮ್ಮ ಕರೆ ತಲುಪಿತು ಎಂಬ ಉತ್ತರವೂ ಅದರಲ್ಲಿ ವಾಪಸ್ ಬರುತ್ತದೆ. ನಡುನೀರಿನಲ್ಲಿ ಕೂತವನಿಗೆ ಆ ಒಂದು ಉತ್ತರ ಎಂಥ ಬಲ ಎಂಬುದನ್ನು ಬಾವನನ್ನು ಕೇಳಬೇಕು.

ಮಾತಿನ ನಡುವೆ ಅಕ್ಕ 2018ರ ಆಗಸ್ಟ್ ನೆನಪು ತೆಗೆದರು. ಜೋಡುಪಾಲದಲ್ಲಿ ಗುಡ್ಡ ಜಾರಿದ ದಿನಗಳು. ಕರೆಂಟಿಲ್ಲ, ದಾರಿಯಿಲ್ಲ. ಫೋನ್ ಸಿಕ್ಕವರೂ ಎಲ್ಲಿದ್ದೀರಿ ಎಂದರೆ ‘ಹೊಳೆಯ ಆಚೆ, ತೋಟದ ಮೇಲೆ’ ಎಂದಷ್ಟೇ ಹೇಳಬಲ್ಲವರಾಗಿದ್ದರು. ಆ ತೋಟ ಯಾವುದು, ಆ ಹೊಳೆ ಈಗ ಯಾವ ಕಡೆ ಹರಿಯುತ್ತಿದೆ ಎಂದು ಹುಡುಕುವವರಿಗೆ ತಿಳಿಯುವುದು ಹೇಗೆ? ‘ಅವತ್ತು ಅಷ್ಟು ಕಂಡವರು ನೀವು, ದೋಣಿಗೆ ಹೋಗುವಾಗ ಇದನ್ನು ಯಾಕೆ ಯೋಚಿಸಲಿಲ್ಲ?’ ಎಂದು ಅಕ್ಕ ಬಾವನನ್ನು ನೇರವಾಗಿ ಕೇಳಿದರು. ಆ ಪ್ರಶ್ನೆ ನನಗೂ ತಾಗಿತು. ನೌಕಾಪಡೆಯಲ್ಲಿ ಇದೇ ಕೆಲಸ ಮಾಡಿದ ನಾನು ಒಂದು ಸಲವಾದರೂ ಮಂಗಳೂರಿಗೆ ಹೋಗಿ ಆ ಸೆಟ್ಟನ್ನು ನೋಡಬಹುದಿತ್ತು. ನೋಡಿರಲಿಲ್ಲ.

ಸರಿಪಡಿಸಿದ್ದು

ಹಳೆಯ ಸಂಖ್ಯೆಯನ್ನು ನಾವೇ ಅಳಿಸಲಾಗಲಿಲ್ಲ. ಕಂಡವರು ಕಂಡ ಹಾಗೆ ಬದಲಿಸಬಾರದೆಂದು ಬಹುತೇಕ ಸೆಟ್‌ಗಳಲ್ಲಿ ಎಂಎಂಎಸ್‌ಐಯನ್ನು ಒಂದೆರಡು ಸಲ ಮಾತ್ರ ನಮೂದಿಸಲು ಬಿಡುತ್ತಾರೆ. ನಂತರ ತಯಾರಕರ ಅಧಿಕೃತ ಸೇವಾ ಕೇಂದ್ರದಲ್ಲೇ ತೆಗೆಸಬೇಕು. ಅದಕ್ಕೂ ಮೊದಲು ಕಾಗದಪತ್ರ: ದೋಣಿಯ ದಾಖಲೆ, ಕೇಂದ್ರ ಸರ್ಕಾರದ ವೈರ್‌ಲೆಸ್ ಪರವಾನಗಿ, ನಮ್ಮದೇ ಹೊಸ ಸಂಖ್ಯೆ. ಅರ್ಜಿ, ನಕಲು, ಕಾಯುವಿಕೆ ಎಂದು ತಿಂಗಳುಗಳೇ ಹಿಡಿದವು. ಪಾಲುದಾರರು ಒಮ್ಮೆ ‘ಗುರುತಿಗೆ ಯಾವುದಾದರೊಂದು ಒಂಬತ್ತು ಅಂಕಿ ಹಾಕಿಬಿಡೋಣ’ ಎಂದರು. ಬಾವನೇ ಬೇಡವೆಂದರು. ಆ ಮಧ್ಯಾಹ್ನ ಅವರ ಕಿವಿಯಲ್ಲಿ ಇನ್ನೂ ಇದೆ.

ಜಿಪಿಎಸ್ ವಯರುಗಳ ಕಿಲುಬು ಕೆರೆದು, ಹೊಸ ತುದಿ ಕತ್ತರಿಸಿ, ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ತೊಡಿಸಿದವನು ಅಳಿಯ. ಖರ್ಚು ನೂರು ರೂಪಾಯಿಯೂ ಆಗಲಿಲ್ಲ. ಜಿಪಿಎಸ್ ಕೈಕೊಟ್ಟರೆ ಸ್ಥಾನವನ್ನು ಕೈಯಿಂದ ನಮೂದಿಸುವುದು ಹೇಗೆಂದೂ ಅವನಿಗೆ ತೋರಿಸಿದೆ. ಅದು ನಾಲ್ಕು ಗಂಟೆಗಿಂತ ಹಳತಾದರೆ ಸೆಟ್ ಎಚ್ಚರಿಸುತ್ತದೆ. ಡಿಎಸ್‌ಸಿಯ ಮಿಕ್ಕ ಅನುಕೂಲಗಳು, ಅಂದರೆ ಫೋನಿನಂತೆ ಸಂಖ್ಯೆ ಆರಿಸಿ ಒಂದೇ ದೋಣಿಯನ್ನು ಕರೆಯುವುದು, ಗುಂಪು ಕರೆ, ಗೆಳೆಯರ ದೋಣಿ ಎಲ್ಲಿದೆಯೆಂದು ಕೇಳುವುದು, ಇವನ್ನು ಅವನೇ ಕೈಪಿಡಿ ಓದಿ ಕಲಿತ.

ಈ ಸುದ್ದಿ ಹಬ್ಬಿ, ಹಾರಂಗಿ ಹಿನ್ನೀರಿನ ಬದಿಯಲ್ಲಿ ಹೋಂಸ್ಟೇ ನಡೆಸುವ ಪರಿಚಯದವರೊಬ್ಬರು ತಮ್ಮ ದೋಣಿಗೂ ಇಂಥದ್ದೇ ಕೊಡಿಸಿ ಎಂದರು. ಬೇಡ ಎಂದೆ. ಅಲ್ಲಿ ಚಾನೆಲ್ 70ಕ್ಕೆ ಕಿವಿಗೊಟ್ಟು ಕೂತವರು ಯಾರೂ ಇಲ್ಲ. ಕೆಂಪು ಗುಂಡಿ ಗೋಡೆಗೆ ಹೇಳಿದ ದೂರಾಗುತ್ತದೆ, ಜೊತೆಗೆ ಸುಳ್ಳು ಧೈರ್ಯ. ಆ ಹಣದಲ್ಲಿ ಪ್ರತಿಯೊಬ್ಬರಿಗೂ ಮೈಗೆ ಸರಿಯಾಗಿ ಕೂರುವ ಜೀವರಕ್ಷಕ ಜಾಕೆಟ್, ಸೀಟಿ, ಎಸೆಯುವ ಹಗ್ಗ ಕೊಳ್ಳಿ, ದಡದಲ್ಲಿ ಒಬ್ಬ ಮನುಷ್ಯ ಸದಾ ನೋಡುತ್ತಿರಲಿ ಎಂದೆ. ದುಬಾರೆಯಲ್ಲಿ, ಬರಪೊಳೆಯಲ್ಲಿ ರ‍್ಯಾಫ್ಟಿಂಗ್ ಮಾಡಿಸುವವರಿಗೂ ನನ್ನ ಮಾತು ಇದೇ.

ಸೆಪ್ಟೆಂಬರ್‌ನಲ್ಲಿ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಬಂತು. ಕೋವಿ, ಕತ್ತಿಗಳನ್ನು ಒರೆಸಿ ತೋಕ್ ಪೂ ಎಂಬ ಹೂವಿಟ್ಟು ಪೂಜೆಗೆ ಜೋಡಿಸುವಾಗ ಬಾವ ರೇಡಿಯೊವನ್ನೂ ತಂದು ಸಾಲಿನ ಕೊನೆಗೆ ಇಟ್ಟರು. ಯಾರೂ ನಗಲಿಲ್ಲ.

ಸಂಖ್ಯೆ ಕೈಗೆ ಬಂದು, ಸೆಟ್ ದೋಣಿಯಲ್ಲಿ ಕೂತ ಮೇಲೆ ಒಂದು ಭಾನುವಾರ ನಾನೂ ಮಂಗಳೂರಿಗೆ ಇಳಿದೆ. ಅಳಿವೆಯೊಳಗೇ ಕಟ್ಟಿದ್ದ ಇನ್ನೊಂದು ದೋಣಿಯವರಲ್ಲಿ ಡಿಎಸ್‌ಸಿ ಸೆಟ್ ಇತ್ತು, ಅವರು ಒಪ್ಪಿದರು. ಪರೀಕ್ಷೆಗೆ ಕೆಂಪು ಗುಂಡಿಯನ್ನು ಎಂದೂ ಮುಟ್ಟಬಾರದು. ಅದಕ್ಕೆಂದೇ ಮೆನುವಿನಲ್ಲಿ ಪರೀಕ್ಷಾ ಕರೆ ಇದೆ. ಅವರ ಸಂಖ್ಯೆ ಒತ್ತಿ ಕಳಿಸಿದ ಮರುಗಳಿಗೆಯಲ್ಲಿ ಆಚೆ ದೋಣಿ ಟ್ರಿಣಿಗುಟ್ಟಿತು. ಅಳಿಯ ಓಡಿಹೋಗಿ ಅವರ ಪರದೆ ನೋಡಿ ಒಂದೊಂದೇ ಅಂಕಿ ಕೂಗಿ ಓದಿದ. ನಾಲ್ಕು, ಒಂದು, ಒಂಬತ್ತು... ಬಾವ ಚುಕ್ಕಾಣಿಯ ಪಕ್ಕದ ಹಲಗೆಯ ಮೇಲೆ ತಾವು ಬಿಳಿ ಬಣ್ಣದಲ್ಲಿ ಬರೆದಿದ್ದ ಸಂಖ್ಯೆಯ ಮೇಲೆ ಬೆರಳಿಟ್ಟು, ಪ್ರತಿ ಅಂಕಿಗೂ ತಲೆಯಾಡಿಸುತ್ತ ಕೊನೆಯವರೆಗೆ ಹೋದರು.

‘ಮಾವ, ಇಲ್ಲಿ ಬನ್ನಿ’ ಎಂದು ಅಳಿಯ ಆಚೆಯಿಂದ ಕರೆದ. ಆ ದೋಣಿಯ ರೇಡಿಯೊ ಪರದೆಯಲ್ಲಿ ಸ್ಥಾನ ತೋರಿಸಬೇಕಾದ ಜಾಗದಲ್ಲಿ ಬರೀ ಗೀಟುಗಳಿದ್ದವು. ದೋಣಿಯವರು ಇದು ಹೀಗೆಯೇ ಬಂದದ್ದು ಎಂದರು. ಹಿಂದಿನ ಹಲಗೆ ಸರಿಸಿದರೆ ಅಲ್ಲಿಯೂ ಎರಡು ತೆಳು ವಯರು, ತುದಿಗೆ ಕಪ್ಪು ಟೇಪ್. ಬಾವ ನಮ್ಮ ಪೆಟ್ಟಿಗೆಯಿಂದ ಬೆಸುಗೆ ಕಡ್ಡಿ ತೆಗೆದುಕೊಂಡು ಈಚೆಯಿಂದ ದಾಟಿ ಬಂದರು.